ಕುಡಿದವಳ ಸಾಕ್ಷಿ

“ಬಗ್ಗು. ಇನ್ನೂ ಬಗ್ಗು, ರಂಡಿ. ಬಾಟ್ಲಿಗಿ ಕೈ ಹತ್ತಿತಂದ್ರ ಮುರೀತೀನಿ ನೋಡು.”

ಗೌಡರ ಆಳು ಕಟ್ಟೆಯ ಮೇಲೆ ನಿಂತು ಸೇಂದಿ ಸುರಿದ. ಕೆಳಗೆ ಅಂಗಳದಲ್ಲಿ ಮಾನಮ್ಮ ಬೊಗಸೆಯೊಡ್ಡಿ ಕುಡಿದಳು. ಅರ್ಧ ಬಾಯಿಗೆ ಹೋಯಿತು, ಅರ್ಧ ಮೊಳಕೈಯಿಂದ ಇಳಿದು ಸೀರೆ ತೋಯಿಸಿತು. ಇದು ಎರಡನೆಯ ಬಾಟಲಿ. ಹೊತ್ತು ಇನ್ನೂ ನೆತ್ತಿಗೆ ಬಂದಿರಲಿಲ್ಲ. ಕುಡಿಯುವ ಮನಸ್ಸು ಅವಳಿಗಿರಲಿಲ್ಲ. ಕುಡಿಸಿ ನೋಡಿದ ಮೇಲೆಯೇ ಅವಳ ಮಾತಿಗೆ ಬೆಲೆ ಕಟ್ಟಬೇಕು ಎಂದು ಮರಿಲಿಂಗಪ್ಪಗೌಡ ಹೇಳಿದ್ದ. ಶಹಾಪುರದ ಕಡೆಯಿಂದ ಜೀಪಿನಲ್ಲಿ ವಿಚಾರಣೆಗೆ ಬಂದಿದ್ದ ಕಾಲುವೆ ಇಲಾಖೆಯ ಸಾಹೇಬ ಗೌಡರ ಮನೆಯ ಚಹಾ ಕುಡಿಯುತ್ತ ಅದಕ್ಕೆ ತಲೆಯಾಡಿಸಿದ್ದ.

ನಾಲ್ಕು ದಿನದ ಹಿಂದೆ ನಸುಕಿನಲ್ಲಿ ಕೇರಿಯ ಮೇಲಿನ ಸಣ್ಣ ಕಾಲುವೆಯ ಏರಿ ಒಡೆದು ನೀರು ಹನ್ನೊಂದು ಮನೆ ಹೊಕ್ಕಿತ್ತು. ಕೇರಿಯ ಲಾಲಮ್ಮನ ಅತ್ತೆ ಗೋಡೆಯ ಕೆಳಗೆ ಸಿಕ್ಕು ಸತ್ತಿದ್ದಳು. ನೀರು ಬಿಡುವ ಗೇಟಿನ ಕಾವಲು ಪರಮಣ್ಣನದು. ಅವನು ಮಾನಮ್ಮನ ಒಬ್ಬನೇ ಮಗ. ಅವನೇ ಗೇಟು ಎತ್ತಿ ಮಲಗಿಬಿಟ್ಟ ಎಂದು ಗೌಡ ಫಿರ್ಯಾದು ಕೊಟ್ಟ. ಪೊಲೀಸರು ಪರಮಣ್ಣನನ್ನು ಸುರಪುರಕ್ಕೆ ಎಳೆದೊಯ್ದರು. ಆದರೆ ಆ ನಸುಕಿನಲ್ಲಿ ಚೆಂಬು ಹಿಡಿದು ಬಯಲಕಡೆ ಹೋಗಿದ್ದ ಮಾನಮ್ಮ ಕಂಡದ್ದು ಬೇರೆ. ಗೌಡನ ಮಗ ಅಯ್ಯಪ್ಪಗೌಡ ಹಾರೆಯಿಂದ ಕೀಲಿ ಒಡೆದು, ತಮ್ಮ ಗದ್ದೆಗೆ ನೀರು ನುಗ್ಗಲೆಂದು ಗೇಟಿನ ಗಾಲಿಯನ್ನು ಕೊನೆತನಕ ತಿರುವುತ್ತಿದ್ದ. ಅಷ್ಟು ನೀರನ್ನು ಆ ಮಣ್ಣಿನ ಏರಿ ತಡೆಯಲಿಲ್ಲ. ಇದನ್ನು ಸಾಹೇಬ ಬರೆದುಕೊಂಡರೆ ಪರಮಣ್ಣ ಮನೆಗೆ ಬರುತ್ತಿದ್ದ. ಬರೆದುಕೊಳ್ಳದಿದ್ದರೆ ಸಾವಿನ ಕೇಸು ಅವನ ಕೊರಳಿಗೆ.

ಅಯ್ಯಪ್ಪಗೌಡ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕಂಬಕ್ಕೆ ಒರಗಿದ್ದ. ಸಿನಿಮಾ ನೋಡುವವನ ಹಾಗೆ ನಗುತ್ತಿದ್ದ.

“ಅವತ್ತ ಮುಂಜಾನಿ ಕುಡದಿದ್ದಿಲ್ಲೇನು?” ಸಾಹೇಬ ಕೇಳಿದ.

“ಕುಡದಿದ್ದೆನ್ರಿ.”

ಅಂಗಳದಲ್ಲಿ ನಿಂತವರು ನಕ್ಕರು. ಸುಳ್ಳು ಹೇಳಿ ಉಪಯೋಗವಿರಲಿಲ್ಲ. ಊರಿನ ಸೇಂದಿ ದುಕಾನ ಗೌಡನದೇ. ಕಾಲುವೆ ಬಂದ ಮೇಲೆ ಜೋಳದ ಹೊಲಗಳೆಲ್ಲ ಗದ್ದೆಯಾಗಿದ್ದವು. ನೆಲ್ಲಿನ ನಾಟಿಗೆ ಮುಂಜಾನೆ ಬಗ್ಗಿದ ಬೆನ್ನು ನೆಟ್ಟಗಾಗುವುದು ಸಂಜೆಗೆ. ಹೆಂಗಸರು ಸೊಂಟ ಹಿಡಿದುಕೊಂಡು ನಿಂತರೆ ಕೆಲಸ ಹಿಂದೆ ಬೀಳುತ್ತದೆಂದು ಗೌಡನೇ ಬದುವಿಗೆ ಸೇಂದಿ ಕಳಿಸುತ್ತಿದ್ದ. ಅಮಲೇರಿಸುವ ಪೌಡರು ಕಲಸಿದ ಸೇಂದಿ. ಅದು ಒಳಗೆ ಇಳಿದರೆ ಸೊಂಟ ಬೇರೆ ಯಾರದೋ ಅನ್ನಿಸುತ್ತಿತ್ತು. ಬರಬರುತ್ತ ನಸುಕಿನಲ್ಲೂ ಅದಿಲ್ಲದೆ ಬೆನ್ನು ಏಳುತ್ತಿರಲಿಲ್ಲ.

ಅಮಲು ಏರುವ ತನಕ ಅವಳನ್ನು ಬಿಸಿಲಿನಲ್ಲಿ ನಿಲ್ಲಿಸಿದರು. ಮೊದಲು ಬೆಳಕು ಕಣ್ಣಿಗೆ ಚುಚ್ಚಿತು. ಆಮೇಲೆ ಕಟ್ಟೆಯ ಅಂಚು ನೀರಿನೊಳಗಿನ ಕೋಲಿನಂತೆ ಬಾಗಿತು. ತಲೆ ತಿರುಗಿಸಿದರೆ ನೋಟ ಹಿಂದೆ ಉಳಿದು ತಡವಾಗಿ ಬರುತ್ತಿತ್ತು. ಜೀಪು ಸ್ವಲ್ಪ ಅಲುಗಿ ತನ್ನ ಮಗ್ಗುಲಿಗೆ ಇನ್ನೊಂದು ಜೀಪನ್ನು ನಿಲ್ಲಿಸಿಕೊಂಡಿತು.

ಗೌಡ ಎದ್ದು ಬಂದು ಬೆರಳು ತೋರಿಸಿದ. “ಎಷ್ಟು ಅದಾವ ಹೇಳು.”

ಮಾನಮ್ಮ ಎಡಗಣ್ಣು ಮುಚ್ಚಿದಳು. “ಒಂದು.”

“ಈಗ?”

“ಮೂರು.”

“ಈಗ?”

“ಮುಷ್ಟಿ ಹಿಡದೀರಿ.”

ನಗು ನಿಂತಿತು. ಗದ್ದೆಯಿಂದ ಕೆಸರುಗಾಲಲ್ಲೇ ಬಂದು ಗೋಡೆಯ ನೆರಳಿಗೆ ನಿಂತಿದ್ದ ಹೆಂಗಸರಿಗೆ ಮಾತ್ರ ಆಶ್ಚರ್ಯವಾಗಲಿಲ್ಲ. ನಾಟಿಯ ಸಾಲಿಗೆ ಹಗ್ಗ ಕಟ್ಟುತ್ತಾರೆ. ಎರಡನೆಯ ಬಾಟಲಿಗೆ ಆ ಹಗ್ಗ ಎರಡಾಗುತ್ತದೆ. ಹೊಸಬರು ಇಲ್ಲದ ಹಗ್ಗದ ಗುಂಟ ಸಸಿ ಹಚ್ಚಿ ಬೆನ್ನಿಗೆ ಒದೆ ತಿನ್ನುತ್ತಾರೆ. ಹಳಬರು ಒಂದು ಕಣ್ಣು ಮುಚ್ಚುತ್ತಾರೆ, ಹಗ್ಗ ಮತ್ತೆ ಒಂದಾಗುತ್ತದೆ. ಮಾನಮ್ಮನೇ ಎಷ್ಟೋ ಹುಡುಗಿಯರಿಗೆ ಇದನ್ನು ಕಲಿಸಿದ್ದಳು. ಹದಿನೆಂಟು ಹೆಂಗಸರು ಒಂದೇ ಕಣ್ಣಿನಲ್ಲಿ ನಾಟಿ ಮಾಡುವುದನ್ನು ಗೌಡ ಬದುವಿನ ಮೇಲಿನಿಂದ ವರ್ಷಗಟ್ಟಲೆ ನೋಡಿದ್ದ. ಬಿಸಿಲಿಗೆ ಹಾಗೆ ಮಾಡುತ್ತಾರೆಂದು ತಿಳಿದಿದ್ದ.

ಈಗ ಅವನಿಗೆ ತಿಳಿಯಿತು. “ಕಣ್ಣ ಮುಚ್ಯಾಳ ನೋಡ್ರಿ ಸಾಹೇಬ್ರ. ಮೋಸ ಮಾಡಾಕತ್ಯಾಳ.”

ಎರಡೂ ಕಣ್ಣು ತೆರೆದು ನೋಡಬೇಕೆಂದು ಸಾಹೇಬ ಹುಕುಂ ಮಾಡಿದ. ಗೌಡ ಒಂದು ಬೆರಳನ್ನು ಅವಳ ಮೂಗಿನ ಮುಂದೆ ಹಿಡಿದ.

“ಎರಡು ಕಾಣಾಕತ್ತಾವ್ರಿ.”

ಗೌಡ ತೊಡೆ ತಟ್ಟಿಕೊಂಡು ನಕ್ಕ. ಸಾಹೇಬ ಪಕ್ಕದಲ್ಲಿ ಕುಳಿತಿದ್ದ ಕ್ಲರ್ಕನಿಗೆ ಬರೆಯಲು ಹೇಳಿದ. ಪೆನ್ನು ಓಡತೊಡಗಿತು.

“ಸಾಹೇಬ್ರ, ಎರಡು ಕಾಣಾಕತ್ತಾವಂದೆ. ಎರಡು ಅದಾವ ಅನ್ಲಿಲ್ರಿ.”

ಅವಳು ಅಯ್ಯಪ್ಪಗೌಡನ ಕಡೆ ಕೈ ತೋರಿಸಿದಳು.

“ಅವತ್ತ ಇಂವನೂ ಕುಡದಿದ್ದ. ಬ್ರಾಂದಿ ವಾಸನಿ ಏರಿತನಕ ಬರ್ತಿತ್ತು. ಕುಡದಾಕಿ ಕಣ್ಣಿಗಿ ಮನಷಾ ಕಾಣಂಗಿಲ್ಲಂದ್ರ, ಕುಡದಾಂವನ ಕೈಗಿ ಗೇಟ ಹ್ಯಾಂಗ ಸಿಕ್ತು?”

ಅಯ್ಯಪ್ಪಗೌಡ ಕಂಬ ಬಿಟ್ಟು ನೆಟ್ಟಗಾದ. ಆಳು ಇಳಿದು ಬಂದು ಅವಳ ಮೊಣಕಾಲ ಹಿಂದೆ ಕೋಲಿನಿಂದ ಹೊಡೆದ. ಅವಳು ಮಂಡಿಯೂರಿ ಕುಸಿದಳು. ಗೋಡೆಯ ಕಡೆಯಿಂದ ಯಾವಳೋ ಅವನ ತಾಯಿಯ ಹೆಸರು ಹಿಡಿದು ಬೈದಳು. ಯಾರೆಂದು ಅವನು ತಿರುಗಿ ನೋಡುವಷ್ಟರಲ್ಲಿ ಎಲ್ಲರ ಬಾಯಿಯೂ ಮುಚ್ಚಿತ್ತು.

ಕ್ಲರ್ಕ ಕಾಗದ ಓದಿದ. ಸದರಿ ಹೆಂಗಸು ಅಮಲಿನಲ್ಲಿದ್ದು, ದೃಷ್ಟಿ ಸ್ತಿಮಿತದಲ್ಲಿಲ್ಲದ ಕಾರಣ ಗುರುತು ತಪ್ಪಾಗಿ ಹೇಳಿರುವುದಾಗಿ ತಾನೇ ಒಪ್ಪಿಕೊಂಡಿದ್ದಾಳೆ ಎಂದಿತ್ತು ಅದರಲ್ಲಿ. ಗೌಡ ಬಗ್ಗಿ, ಯಾರಿಗೂ ಕೇಳಿಸದ ಹಾಗೆ, ಎಂದೂ ಇಲ್ಲದ ಮೆತ್ತನೆಯ ದನಿಯಲ್ಲಿ ಹೇಳಿದ:

“ಹೆಬ್ಬಟ್ಟು ಒತ್ತು ಮಾನವ್ವ. ನಿನ್ನ ಮಗನ ಕೇಸು ಹಗೂರ ಮಾಡಸ್ತೀನಿ.”

ಹದಿನೇಳು ವರ್ಷ ಅವನ ಗದ್ದೆಯಲ್ಲಿ ದುಡಿದರೂ ಅವಳ ಹೆಸರು ಅವನ ಬಾಯಿಯಲ್ಲಿ ಬಂದಿರಲಿಲ್ಲ. ಅದನ್ನು ಕೇಳಿದಾಗಲೇ ಅವಳಿಗೆ ಖಾತ್ರಿಯಾಯಿತು, ಈ ಕಾಗದ ಪರಮಣ್ಣನನ್ನು ಮುಗಿಸುವ ಕಾಗದ.

ಕ್ಲರ್ಕ ಮಸಿಯ ಡಬ್ಬಿಯನ್ನು ಕಾಲಿನಿಂದ ಅವಳ ಕಡೆ ತಳ್ಳಿದ. ಮಾನಮ್ಮ ಹೆಬ್ಬೆಟ್ಟು ಅದ್ದಿದಳು. ಉಗುರು ಮುಳುಗುವ ತನಕ ಅದ್ದಿದಳು. ಅವಳು ಎದ್ದು ನಿಂತಾಗ ಕ್ಲರ್ಕ ಕಾಗದ ಚಾಚಿದ. ಅವಳು ಕಾಗದದ ಪಕ್ಕದಿಂದ ನಡೆದು ಮೆಟ್ಟಿಲ ಮೇಲೆ ಕಾಲಿಟ್ಟಳು. ಕೇರಿಯವರ ಕಾಲು ಆ ಕಟ್ಟೆಗೆ ಎಂದೂ ಹತ್ತಿರಲಿಲ್ಲ. ಹಾಗಾಗಿ ಅವಳನ್ನು ತಡೆಯಬೇಕೆಂಬುದು ಯಾರಿಗೂ ತಕ್ಷಣ ಹೊಳೆಯಲಿಲ್ಲ.

ಎರಡು ಕಂಬಗಳ ಮುಂದೆ ಇಬ್ಬರು ಅಯ್ಯಪ್ಪಗೌಡರು ನಿಂತಿದ್ದರು. ಅವಳು ಯಾವ ಕಣ್ಣನ್ನೂ ಮುಚ್ಚಲಿಲ್ಲ.

“ಇಬ್ಬರು ಕಾಣಾಕತ್ಯಾರ್ರಿ ಸಾಹೇಬ್ರ,” ಅಂದಳು. “ಇಬ್ಬರೂ ಇಂವನೇ.”

ಇಬ್ಬರೂ ಒಟ್ಟಿಗೇ ಹಿಂದೆ ಸರಿದು ಕಂಬಕ್ಕೆ ಬಡಿದುಕೊಂಡರು. ಅವಳು ಕೈ ಚಾಚಿ ಬಿಳಿ ಅಂಗಿಯ ಎದೆಯ ಮೇಲೆ ಹೆಬ್ಬೆಟ್ಟು ಒತ್ತಿದಳು. ಸಸಿ ಊರುವಾಗ ಕೆಸರಿಗೆ ಒತ್ತುವ ಹಾಗೆ, ಬೇರು ಹಿಡಿಯುವ ತನಕ ಒತ್ತಿದಳು.

ಒದ್ದದ್ದು ಗೌಡನೋ ಆಳೋ ಅವಳಿಗೆ ತಿಳಿಯಲಿಲ್ಲ. ಅಂಗಳದ ಮಣ್ಣು ಬಾಯಿಗೆ ಬಂದಿತ್ತು. ಮೇಲೆ ಅಯ್ಯಪ್ಪಗೌಡ ಎದೆಯನ್ನು ಅಂಗೈಯಿಂದ ತಿಕ್ಕುತ್ತಿದ್ದ. ತಿಕ್ಕಿದಷ್ಟೂ ಮಸಿ ಹರಡುತ್ತಿತ್ತು. ಗೋಡೆಯ ನೆರಳಿನಲ್ಲಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಿಸಿಲಿಗೆ ಬಂದು ನಿಂತರು.

ಮಾನಮ್ಮ ಮಣ್ಣು ಉಗುಳಿದಳು.

“ಬರ್ಕೋರಿ ಸಾಹೇಬ್ರ. ನನ್ನ ಸಹಿ ಅಲ್ಲಿ ಅದ.”