ಬಾಯಿ ಬಿಡದ ಪಾಲಮ್ಮ

"ಏನಮ್ಮ, ನೀವೊಂದು ಮಾತೂ ಆಡ್ಲಿಲ್ಲ. ನಿಮಗೆ ಒಪ್ಪಿಗೆ ಐತೋ ಇಲ್ವೋ?"

ಮಗನಿಗೆ ಹೆಣ್ಣು ನೋಡಲು ಅವನನ್ನೂ ಕರೆದುಕೊಂಡು ಚಳ್ಳಕೆರೆಯಿಂದ ಬಂದಿದ್ದ ಕ್ಯಾತಪ್ಪ ಹೀಗೆ ಕೇಳಿದಾಗ ಪಾಲಮ್ಮ ಸೆರಗು ಸರಿಮಾಡಿಕೊಂಡಳು. ಉತ್ತರ ಕೊಡಲೇಬೇಕು. ಆದರೆ ಹೇಗೆ?

ಆಂಧ್ರದ ಗಡಿಯಾಚೆಯಿಂದ ರಾಂಪುರಕ್ಕೆ ಸೊಸೆಯಾಗಿ ಬಂದು ಇಪ್ಪತ್ತೇಳು ವರ್ಷವಾದರೂ ಅವಳ ಕನ್ನಡ ಹಾಗೇ ಇತ್ತು. ಅರ್ಧ ತೆಲುಗು, ಹಿರಿಯರು ಕಿರಿಯರು ಎನ್ನದೆ ಎಲ್ಲರಿಗೂ ಏಕವಚನ. ಊರಿನವರಿಗೆ ಅದು ರೂಢಿಯಾಗಿತ್ತು. ಆದರೆ ಹೋದ ಸಲ ಹೆಣ್ಣು ನೋಡಲು ಬಂದ ಮೇಷ್ಟ್ರಿಗೂ ಬಾರೋ, ಕೂಡು ಅಂದಿದ್ದಳು. ಮರ್ಯಾದೆ ಗೊತ್ತಿಲ್ಲದ ಮನೆ ಎಂದು ಅವರು ಹೇಳಿಕಳಿಸಿದ್ದರು. ಈ ಸಲದ ಹುಡುಗ ಫೋಟೋದಲ್ಲೇ ಮಗಳು ಚಿತ್ರಾಳ ಮನಸ್ಸಿಗೆ ಬಂದಿದ್ದ. ಅವ್ವ ಬಾಯಿ ಬಿಡಬಾರದೆಂದು ಅವಳು ಕಾಲು ಹಿಡಿಯುವುದೊಂದು ಬಾಕಿ ಎಂಬಂತೆ ಬೇಡಿಕೊಂಡಿದ್ದಳು. ಪಾಪ, ಪಾಲಮ್ಮ ಬೆಳಿಗ್ಗೆಯಿಂದ ಬನ್ರಿ, ಕೂತ್ಕಳ್ರಿ ಎಂದು ಅಭ್ಯಾಸ ಮಾಡಿ, ಕೊನೆಗೆ ಮೇಕೆಗೂ ಹೋಗ್ರಿ ಅಂದು, ಸುಮ್ಮನಿರುವುದೇ ಲೇಸೆಂದುಕೊಂಡಿದ್ದಳು.

ಹಾಗೇ ಸುಮ್ಮನಿದ್ದಳು. ಬಂದವರನ್ನು ಬನ್ನಿ ಅನ್ನಲಿಲ್ಲ, ಕಾಫಿ ಲೋಟವನ್ನು ಮಾತಿಲ್ಲದೆ ಮುಂದಿಟ್ಟಳು. ಉಪಚಾರದ ಮಾತೆಲ್ಲ ಗಂಡ ಚಿಕ್ಕೀರಪ್ಪನದೇ. ಈಗ ಕೇಳಿದ್ದಕ್ಕೂ ಉತ್ತರವಿಲ್ಲ.

ಕ್ಯಾತಪ್ಪ ಲೋಟ ಮುಟ್ಟದೆ ಎದ್ದ. "ತಾಯಿಗೆ ಮನಸಿಲ್ದ ಮನೇಲಿ ನಾವು ನೀರೂ ಕುಡಿಯಲ್ಲ. ಬೇಜಾರಾಗಬ್ಯಾಡ್ರಿ" ಎಂದು ಚಿಕ್ಕೀರಪ್ಪನಿಗೆ ಕೈಮುಗಿದ. ಹುಡುಗನೂ ಎದ್ದ. ಬಾಗಿಲ ಮರೆಯಲ್ಲಿದ್ದ ಚಿತ್ರಾಳ ಮುಖ ಬಿಳಿಚಿಕೊಂಡಿತು.

ಮಾತಾಡಿದರೂ ತಪ್ಪು, ಆಡದಿದ್ದರೂ ತಪ್ಪು, ಹಾಗಾದರೆ ಸರಿ ಯಾವುದು ಎಂದು ಪಾಲಮ್ಮನಿಗೆ ತಲೆಬುಡ ತಿಳಿಯಲಿಲ್ಲ. ದಿಗಿಲಿಗೆ ಬಿದ್ದು ಎರಡು ಹೆಜ್ಜೆ ಮುಂದೆ ಬಂದವಳೇ ಆ ಪರಗಂಡಸಿನ ಬಲಗೈ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಬಿಟ್ಟಳು.

ಚಿಕ್ಕೀರಪ್ಪ ತಲೆ ತಗ್ಗಿಸಿದ. ಎಂಥ ಕೆಲಸ ಮಾಡಿದೆ ಎಂದು ಅವಳಿಗೂ ಹೊಳೆಯಿತು. ಹಿಡಿದದ್ದನ್ನು ಬಿಡುವುದು ಹೇಗೆಂದು ಮಾತ್ರ ಹೊಳೆಯಲಿಲ್ಲ.

"ಹೋಗಬ್ಯಾಡ ಅಣ್ಣಯ್ಯ. ನಂಗೆ ಮಾತಾಡಾಕೆ ಬರಲ್ಲ. ಮನಸು ಐತೆ" ಅಂದಳು.

ಕ್ಯಾತಪ್ಪ ತನ್ನ ಕೈಯನ್ನು ನೋಡಿದ, ಅವಳ ಮುಖ ನೋಡಿದ. ಏನು ಮಾಡಬೇಕೆಂದು ಅವನಿಗೂ ಗೊತ್ತಿದ್ದಂತಿರಲಿಲ್ಲ. ಕೈಯನ್ನಂತೂ ಕೊಸರಿಕೊಳ್ಳಲಿಲ್ಲ. ನಿಧಾನವಾಗಿ ಮತ್ತೆ ಕಂಬಳಿಯ ಮೇಲೆ ಕೂತ. ಪಾಲಮ್ಮನೂ ಹಿಡಿದ ಕೈ ಬಿಡದೆ ಅವನ ಜೊತೆಗೇ ಕುಕ್ಕರಿಸಿದಳು.

ಆಮೇಲೆ ಅವನು ಎಡಗೈ ಚಾಚಿ, ತಣ್ಣಗಾಗಿದ್ದ ಕಾಫಿಯನ್ನು ಎತ್ತಿ ಕುಡಿದ.