ಲೈಬ್ರರಿಯಲ್ಲಿ ಕೆಲಸ

“ನಾಳೆಯಿಂದ ಹತ್ತು ದಿನ ನೀನು ಬೇರೆ ಎಲ್ಲಾದ್ರೂ ಇರ್ತೀಯಾ, ಕುಳ್ಳ?”

ನನ್ನ ರೂಮ್‌ಮೇಟ್, ಅರ್ಚಕರ ಮಗ, ಇದನ್ನು ಕೇಳಿದಾಗ ನಾನು ಯೂನಿವರ್ಸಿಟಿ ಲೈಬ್ರರಿಯ ಕೆಳಮಹಡಿಯ ಕಕ್ಕಸಿನಲ್ಲಿ ಮೊಣಕಾಲೂರಿ, ಕಮೋಡಿನ ಅಂಚಿನಡಿ ಗಟ್ಟಿಯಾಗಿದ್ದ ಹಳದಿ ಕಲೆಯನ್ನು ಕೆರೆಯುತ್ತಿದ್ದೆ. ಅವನು ಎದುರು ಸಾಲಿನಲ್ಲಿದ್ದ. ಆ ಕಡೆಯ ಆರು ಅವನವು, ಈ ಕಡೆಯ ಆರು ನನ್ನವು. ಬೆಳಿಗ್ಗೆ ಆರರಿಂದ ಎಂಟರವರೆಗೆ ತೊಳೆದು, ಗವಸು ಕಳಚಿ, ಒಂಬತ್ತಕ್ಕೆ ಇಬ್ಬರೂ ಒಂದೇ ಕ್ಲಾಸಿನಲ್ಲಿ ಪಕ್ಕಪಕ್ಕ ಕೂರುತ್ತಿದ್ದೆವು. ಪರದೇಶಕ್ಕೆ ಓದಲು ಬಂದ ನಮ್ಮಂಥವರ ಹೊಟ್ಟೆಪಾಡು ಹೀಗೇ ನಡೆಯುತ್ತಿತ್ತು.

ಯಾಕೆ ಎಂದು ಕೇಳಿದೆ. ಯಾರೋ ಭಕ್ತರು ಟಿಕೆಟ್ ಕೊಡಿಸಿದ್ದಾರೆ, ಅಪ್ಪ ಬರುತ್ತಿದ್ದಾರೆ, ನಮ್ಮ ರೂಮಿನಲ್ಲೇ ಇಳಿದುಕೊಳ್ಳುತ್ತಾರೆ ಅಂದ. ಬರಲಿ, ನಾನು ನೆಲದ ಮೇಲೆ ಮಲಗುತ್ತೇನೆ ಅಂದೆ. ಅವನು ತಿಕ್ಕುವುದನ್ನು ನಿಲ್ಲಿಸಿದ.

“ಅದಲ್ವೋ. ಬಂದ ತಕ್ಷಣ ಯಾರ ಮಗ, ಯಾವ ಪೈಕಿ ಅಂತ ಕೇಳ್ತಾರೆ. ನೀನು ಸುಳ್ಳು ಹೇಳೋ ನನ್ಮಗ ಅಲ್ಲ.”

ಎರಡು ವರ್ಷದ ಹಿಂದೆ, ಈ ಕೆಲಸಕ್ಕೆ ಸೇರಿದ ಮೊದಲ ದಿನ, ಅವನು ವಾಂತಿ ಮಾಡಿಕೊಂಡಿದ್ದ. ಅದನ್ನೂ ನಾನೇ ಬಳಿದೆ. ಮೂಗು ಬಿಟ್ಟು ಬಾಯಲ್ಲಿ ಉಸಿರಾಡು ಎಂದು ಹೇಳಿಕೊಟ್ಟೆ. ನನಗೆ ಅದನ್ನು ಹೇಳಿಕೊಟ್ಟಿದ್ದು ಊರಿನ ಚರಂಡಿಗೆ ಇಳಿಯುತ್ತಿದ್ದ ಅಪ್ಪ. ಆ ಸಂಜೆ ಅರ್ಚಕರ ಮಗ ನನ್ನ ತಟ್ಟೆಗೇ ಕೈ ಹಾಕಿ ಉಂಡ. ಇಲ್ಲಿಗೆ ಬಂದ ಮೇಲೆ ನಾವೆಲ್ಲ ಒಂದೇ ಕಣೋ ಅಂದ. ನಾನು ನಂಬಿದೆ. ನಂಬದೆ ಏನು ಮಾಡಲಿ? ಇಲ್ಲಿ ಯಾರೂ ನನ್ನ ಕೇರಿ ಕೇಳಿರಲಿಲ್ಲ. ಪ್ರೊಫೆಸರು ಕೈಕುಲುಕಿ ಎದುರಿನ ಕುರ್ಚಿ ತೋರಿಸಿದ ದಿನ, ಕೂರಲೋ ಬೇಡವೋ ಎಂದು ನಾನು ಎಷ್ಟು ಹೊತ್ತು ನಿಂತೆನೆಂದರೆ, ಬೆನ್ನುನೋವೇ ಎಂದು ಅವರು ವಿಚಾರಿಸಿದರು. ಆಮೇಲಾಮೇಲೆ ಕೂರುವುದು ರೂಢಿಯಾಯಿತು. ಎದೆಯೆತ್ತಿ ನಡೆಯುವುದು, ಆಗಲ್ಲ ಅನ್ನುವುದು, ಎಲ್ಲ ಬಂತು. ಫೋನಿನಲ್ಲಿ ನನ್ನ ಮಾತಿನ ವರಸೆ ಕೇಳಿ ಅವ್ವ ಹೆದರಿದ್ದಳು. ಊರಿಗೆ ಬಂದಾಗ ಹೀಗೆ ಮಾತಾಡಬೇಡಪ್ಪ, ಒದೆಯುತ್ತಾರೆ ಅಂದಿದ್ದಳು.

ಆದರೂ ನಾನು ಅವನಿಗೆ ಆಗಲ್ಲ ಅನ್ನಲಿಲ್ಲ. ಹತ್ತು ದಿನ ತಾನೆ ಎಂದು ಬಟ್ಟೆ ತುಂಬಿಕೊಂಡು ಹೋಗಿ ಇನ್ನೊಬ್ಬ ಗೆಳೆಯನ ರೂಮಿನ ನೆಲದಲ್ಲಿ ಬಿದ್ದುಕೊಂಡೆ.

ಮೂರನೆಯ ದಿನ ಒಂದು ನೋಟ್‌ಬುಕ್ಕಿಗಾಗಿ ರೂಮಿಗೆ ಹೋಗಬೇಕಾಯಿತು. ಬಾಗಿಲ ಹೊರಗೆ ಕಸದ ಚೀಲದಲ್ಲಿ ನಮ್ಮ ಪಾತ್ರೆಗಳಿದ್ದವು: ಬಾಣಲೆ, ಎರಡು ತಟ್ಟೆ, ಅವ್ವ ಸೂಟ್‌ಕೇಸಿಗೆ ತುರುಕಿ ಕಳಿಸಿದ್ದ ಅನ್ನದ ಪಾತ್ರೆ. ಒಳಗೆ ಅರ್ಚಕರು ಹೊಸ ಪಾತ್ರೆಯಲ್ಲಿ ಹಾಲು ಕಾಯಿಸುತ್ತಿದ್ದರು. ಬಡಕಲು ಮನುಷ್ಯ, ಮೆತ್ತಗಿನ ದನಿ. ಯಾರಪ್ಪ ಇದು ಎಂದು ಮಗನನ್ನು ಕೇಳಿದರು.

“ರೂಮ್ ಕ್ಲೀನ್ ಮಾಡೋಕೆ ಬರ್ತಾನೆ,” ಅಂದ ಅವನು. ನನ್ನ ಮುಖ ನೋಡಲಿಲ್ಲ.

“ನಮ್ಮ ಕಡೆಯವನೇ ಇದ್ದ ಹಾಗಿದೆ. ಒಳ್ಳೇದಾಯ್ತು. ಬಚ್ಚಲು ಜಾರ್ತಿದೆ, ಸ್ವಲ್ಪ ತಿಕ್ಕಿಬಿಡಪ್ಪ. ಆ ಕಡೆಯಿಂದ ಹೋಗು, ಇಲ್ಲಿ ಹಾಲಿದೆ.”

ಬಾಯಿಬಿಟ್ಟು ಒಂದು ಮಾತು ಆಡಿದ್ದರೆ ಸಾಕಿತ್ತು. ಆದರೆ ಆ ದನಿ ಕಿವಿಯಲ್ಲಿ ನಿಲ್ಲದೆ ನೇರ ಬೆನ್ನಿಗೆ ಹೋಯಿತು. ಎರಡು ವರ್ಷದಲ್ಲಿ ನೆಟ್ಟಗಾಗಿದ್ದ ಬೆನ್ನು ತನ್ನಷ್ಟಕ್ಕೆ ಬಗ್ಗಿತು. ಒಲೆಗೆ ದೂರವಾಗಿ, ಗೋಡೆಗೆ ಒತ್ತಿಕೊಂಡು ಬಚ್ಚಲಿಗೆ ಹೋದೆ. ಎರಡು ವರ್ಷ ನಾನೇ ಮಿಂದ ಬಚ್ಚಲನ್ನು ಆಳಿನ ಹಾಗೆ ತಿಕ್ಕಿದೆ. ನೋಟ್‌ಬುಕ್ ಕೇಳುವುದನ್ನೂ ಮರೆತು ಮೆಟ್ಟಿಲಿಳಿದೆ. ಸಿಟ್ಟು ಬಂದದ್ದು ಬೀದಿಗೆ ಬಂದ ಮೇಲೆ. ಅದೂ ಅವರ ಮೇಲಲ್ಲ, ನನ್ನ ಮೇಲೆ.

ಮರುದಿನ ಬೆಳಿಗ್ಗೆ ಕೆಲಸದಲ್ಲಿ ಅವನು ಸಮಾಧಾನ ಹೇಳಲು ಬಂದ. ಬಾಯಿತಪ್ಪಿ ಬಂತು ಕಣೋ ಅಂದ. ಅಪ್ಪ ಊರಿಗೆ ಹೋಗಲಿ, ಹೊಸ ಪಾತ್ರೆಯಲ್ಲೇ ಇಬ್ಬರೂ ಉಣ್ಣೋಣ ಅಂದ. ನಾನು ನನ್ನ ಪಾಡಿಗೆ ತಿಕ್ಕತೊಡಗಿದೆ.

ಏಳು ಗಂಟೆಯ ಹೊತ್ತಿಗೆ ಬಾಗಿಲು ತೆರೆಯಿತು. ಅರ್ಚಕರು ನಿಂತಿದ್ದರು. ಮಗ ಲೈಬ್ರರಿಯಲ್ಲಿ ಕೆಲಸಕ್ಕಿದ್ದಾನೆ ಎಂದು ಊರಿಗೆಲ್ಲ ಹೇಳಿಕೊಂಡಿದ್ದವರು, ಆ ಜಾಗವನ್ನು ಕಣ್ಣಾರೆ ನೋಡಲು ಬೆಳಗಿನ ತಿರುಗಾಟದಲ್ಲಿ ಹುಡುಕಿಕೊಂಡು ಬಂದಿದ್ದರು. ನಮ್ಮ ಮೇಸ್ತ್ರಿ ಹೆಂಗಸಿಗೆ ಮಗನ ಫೋಟೊ ತೋರಿಸಿದರಂತೆ. ಅವಳು ನಗುತ್ತ ಇತ್ತ ಕೈ ತೋರಿಸಿದಳಂತೆ.

ಮಗನ ಮೈಮೇಲೆ ಕೆಲಸದ ನೀಲಿ ಅಂಗಿ, ಮೊಣಕೈವರೆಗೆ ರಬ್ಬರ್ ಗವಸು. ಕೈಯಲ್ಲಿದ್ದ ಬ್ರಷ್ ತೊಟ್ಟಿಕ್ಕುತ್ತಿತ್ತು. ಅಪ್ಪನನ್ನು ಕಂಡದ್ದೇ ಎರಡು ಹೆಜ್ಜೆಗೆ ನನ್ನ ಬಳಿ ಬಂದು ಬ್ರಷ್ಷನ್ನು ನನ್ನ ಎದೆಗೆ ಒತ್ತಿದ.

“ಇವನ ಕೆಲಸ ಅಪ್ಪ ಇದು. ನಾನು ಸುಮ್ನೆ ಒಂದು ನಿಮಿಷ...” ಆಮೇಲೆ ನನ್ನ ಕಿವಿಯ ಹತ್ತಿರ, “ಹಿಡ್ಕೊಳೋ ಬೋಳಿಮಗನೆ.”

ನಾನು ಕೈ ಎತ್ತಲಿಲ್ಲ. ಬ್ರಷ್ ನನ್ನ ಅಂಗಿಯ ಮೇಲಿಂದ ಜಾರಿ ನೆಲಕ್ಕೆ ಬಿತ್ತು. ಕೊಳೆನೀರು ಅರ್ಚಕರ ಪಾದಕ್ಕೆ ಚಿಮ್ಮಿತು.

“ಆ ಕಡೆಯ ಆರು ನಿಮ್ಮ ಮಗನದು, ಯಜಮಾನ್ರೆ,” ಅಂದೆ. “ಈ ಕಡೆಯದು ನಂದು. ಎರಡು ವರ್ಷದಿಂದ ಹಿಂಗೇ ತೊಳೀತಿದ್ದೀವಿ. ನಾನೂ ಅದೇ ರೂಮಲ್ಲಿರೋನು. ಒಂದೇ ತಟ್ಟೇಲಿ ಉಂಡಿದ್ದೀವಿ.”

ಈ ಸಲ ಪೂರ್ತಿ ಹೇಳಿದೆ.

ಅರ್ಚಕರು ಮಗನ ಗವಸುಗಳನ್ನೇ ನೋಡುತ್ತಿದ್ದರು. ಅವನು ಅಳುತ್ತ, ಅವರ ಪಾದದ ಮೇಲಿನ ನೀರು ಒರೆಸಲು ಕುಕ್ಕರಿಸಿ ಕೈ ಚಾಚಿದ. ಅವರು ಗೋಡೆ ತಾಗುವವರೆಗೂ ಹಿಂದೆ ಸರಿದರು.

“ಮುಟ್ಬೇಡ,” ಅಂದರು.

ಆ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಅದು ನಮ್ಮ ಕೇರಿಯವನಲ್ಲದ ಒಬ್ಬನ ಮೇಲೆ ಬಿದ್ದದ್ದನ್ನು ಕಂಡದ್ದು ಅದೇ ಮೊದಲು. ಖುಷಿಯಾದೀತು ಅಂದುಕೊಂಡೆ, ಆಗಲಿಲ್ಲ. ಅವನು ಚಾಚಿದ ಕೈ ಚಾಚಿದಂತೆಯೇ ಕೂತಿದ್ದ. ಎಂಟಕ್ಕೆ ಜನ ಬರುತ್ತಾರೆ, ಬೇಗ ಮುಗಿಸಿ ಎಂದು ಹೊರಗಿನಿಂದ ಮೇಸ್ತ್ರಿ ಹೆಂಗಸು ಕೂಗಿದಳು.

ನನ್ನ ಸಾಲಿನಲ್ಲಿ ಇನ್ನು ಎರಡು ಉಳಿದಿದ್ದವು. ಅವನದರಲ್ಲಿ ಐದು. ನಾನು ನನ್ನದಕ್ಕೆ ಹೋದೆ.