ಇಂಗ್ಲಿಷ್ ಪುಸ್ತಕಕ್ಕೆ ಮೈಲಿಗೆಯಿಲ್ಲ

ತೆಂಗಿನಕಾಯಿಯ ಒಂದು ಹೋಳು ತುರಿದಾಗಿತ್ತು. ಇನ್ನೊಂದನ್ನು ತುರಿಮಣೆಯ ಹಲ್ಲಿಗೆ ಒತ್ತಿದ ಕೈ ಅಲ್ಲೇ ನಿಂತಿತು. ಅಶೋಕನ ನಂತರ ಮೌರ್ಯರು ಕುಸಿದದ್ದೇಕೆ ಎಂದು ವಾರಿಜಾ ಮನಸ್ಸಿನಲ್ಲೇ ಒಪ್ಪಿಸುತ್ತಿದ್ದಳು. ಎರಡು ಕಾರಣ ಬಂತು, ಮೂರನೆಯದು ಬರಲಿಲ್ಲ. ಅದರ ಬದಲು ಹಸಿ ಕಾಯಿಯ ವಾಸನೆ ಮೂಗಿಗೇರಿ ಹೊಟ್ಟೆ ತೊಳಸಿ ಬಂತು. ಸೆರಗನ್ನು ಬಾಯಿಗೊತ್ತಿ ಕುಳಿತಳು.

ಕಾಯಿಯ ವಾಸನೆಗೆ ಹೀಗಾದದ್ದು ಹಿಂದೆ ಒಂದೇ ಸಲ. ಎರಡು ವರ್ಷದ ಹಿಂದೆ, ತುಂಬಿದ ಕೊಡ ಹೊತ್ತು ಚಾಳಿನ ಮೆಟ್ಟಿಲಲ್ಲಿ ಜಾರಿ, ಹೊಟ್ಟೆಯಲ್ಲಿದ್ದದ್ದನ್ನು ಕಳೆದುಕೊಳ್ಳುವುದಕ್ಕೆ ಸ್ವಲ್ಪ ಮುಂಚೆ. ಆಗಲೇ ಅತ್ತೆ ಹೇಳಿಬಿಟ್ಟಿದ್ದರು: "ಇನ್ನೊಮ್ಮೆ ನಿಂತಿತು ಅಂತ ಗೊತ್ತಾದ ಮರುದಿನವೇ ಊರಿನ ಬಸ್ಸು. ಹೆತ್ತು, ಬಾಣಂತನ ಮುಗಿಸಿಯೇ ಮುಂಬಯಿ."

ಪರೀಕ್ಷೆ ಬರುವ ತಿಂಗಳು, ಏಪ್ರಿಲಿನಲ್ಲಿ. ಬಿ.ಎ. ಇತಿಹಾಸದ ಕೊನೆಯ ವರ್ಷ. ಕಾಲೇಜಿಗೆ ಹೋಗದೆ ಮನೆಯಲ್ಲೇ ಓದಿ ಕಟ್ಟುವ ಪರೀಕ್ಷೆ. ಊರಿಗೆ ಹೋದರೆ ಈ ವರ್ಷ ಹೋಯಿತು. ಸಾಂತಾಕ್ರೂಜ್ ಸ್ಟೇಷನ್ನಿನೆದುರಿನ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆ ನೋಡಿಕೊಳ್ಳುವ ಗಂಡ ಸೀನ ಏನೆನ್ನುತ್ತಾನೆಂದೂ ಅವಳಿಗೆ ಗೊತ್ತು. "ಮುಂದಿನ ವರ್ಷ ಬರಿ ಮಾರಾಯ್ತಿ. ಇತಿಹಾಸ ಎಲ್ಲಿಗೆ ಓಡಿ ಹೋಗ್ತದೆ?" ಒಳ್ಳೆಯವನೇ. ಆದರೆ ಮಗು ಮಡಿಲಿಗೆ ಬಂದ ಮೇಲೆ ಆ ಮುಂದಿನ ವರ್ಷ ಯಾವ ಹೆಂಗಸಿಗೆ ಬಂದಿದೆ?

ಬೆಳಗಿನ ನಲ್ಲಿ ನೀರಿನಿಂದ ಹಿಡಿದು ಗಂಡ ಬಂದು ಉಣ್ಣುವವರೆಗೆ ಆ ಒಂದೂವರೆ ಕೋಣೆಯಲ್ಲಿ ಅವಳ ಕೈಗೆ ಬಿಡುವಿಲ್ಲ. ಓದಿದ್ದೆಲ್ಲ ತಿಂಗಳಲ್ಲಿ ಮೂರೇ ದಿನ, ಹೊರಗಾದಾಗ. ಆಗ ಬಾಗಿಲ ಪಕ್ಕದ ಮೂಲೆಯಲ್ಲಿ ಒಂದು ಚಾಪೆ, ಒಂದು ತಟ್ಟೆ, ಒಂದು ಲೋಟ. ಒಲೆ ಮುಟ್ಟುವಂತಿಲ್ಲ, ಕೊಡ ಮುಟ್ಟುವಂತಿಲ್ಲ. ಅನ್ನ ಮೇಲಿನಿಂದ ಬೀಳುತ್ತದೆ.

ಮೊದಲ ಸಲ ಪುಸ್ತಕ ಹಿಡಿದಾಗ ಅತ್ತೆ ತಡೆದಿದ್ದರು. ಸರಸ್ವತಿಯನ್ನು ಮುಟ್ಟುವುದುಂಟೇ? ಮತ್ತೆ ಅವರೇ ತುಂಬಾ ಹೊತ್ತು ಯೋಚಿಸಿ ದಾರಿ ತೆಗೆದರು. "ಅದು ಇಂಗ್ಲಿಷಿನದ್ದಲ್ವಾ? ಅದಕ್ಕೆ ಎಂತ ಮೈಲಿಗೆ. ಮಡಿಯೇ ಇಲ್ಲದವರ ಪುಸ್ತಕ." ಹಾಗೆ ನೆಪೋಲಿಯನ್ ಮೂಲೆಯ ಚಾಪೆಗೆ ಬಂದ. ಭಾರತದ ಇತಿಹಾಸವೂ ಇಂಗ್ಲಿಷಿನಲ್ಲೇ ಇತ್ತು, ಆದರೆ ಅದರ ರಟ್ಟಿನ ಮೇಲೆ ದೇವಸ್ಥಾನದ ಗೋಪುರದ ಚಿತ್ರ. ಅದು ದೇವರ ಪಟಗಳ ಕೆಳಗಿನ ಹಲಗೆ ಸೇರಿತು. ಕಳೆದ ವರ್ಷ ಯುರೋಪಿನ ಪೇಪರಿನಲ್ಲಿ ಅವಳಿಗೆ ಬಂದ ಅಂಕ ನೋಡಿ ಸೀನ ಹೋಟೆಲಿನವರಿಗೆಲ್ಲ ಜಿಲೇಬಿ ಹಂಚಿದ. ಭಾರತದ ಪೇಪರು ಹೇಗೋ ದಡ ಮುಟ್ಟಿತ್ತು. ಈ ವರ್ಷ ಭಾರತದ್ದೇ ಹೆಚ್ಚು.

"ಎಂತ ವಾರಿಜಕ್ಕ, ಈ ತಿಂಗಳು ನಿಮ್ಮ ಮೂಲೆಯ ಕಾಲೇಜು ಇನ್ನೂ ಓಪನ್ ಆಗ್ಲಿಲ್ವಾ?" ಪಕ್ಕದ ಖೋಲಿಯ ಸೇವಂತಿ ಹಿಂಡಿದ ಬಟ್ಟೆಯ ಬಕೆಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಮೆಲ್ಲಗೆ ಹೇಳು. ಅತ್ತೆ ಗ್ಯಾಲರಿಯಲ್ಲೇ ಇದ್ದಾರೆ."

"ನಿಮ್ಮದು ಪುಣ್ಯ ಅಕ್ಕ. ನನ್ನ ಗಂಡನಿಗೆ ಮಡಿಯೂ ಇಲ್ಲ, ಮೈಲಿಗೆಯೂ ಇಲ್ಲ. ಮೂವತ್ತು ದಿನವೂ ಚಪಾತಿ ಲಟ್ಟಿಸುದು." ನಕ್ಕಳು. ಮತ್ತೆ ವಾರಿಜಾಳ ಮುಖ ನೋಡಿ ನಗು ನಿಲ್ಲಿಸಿದಳು. "ಎಂತ, ವಿಶೇಷ ಉಂಟಾ?"

"ಎಂತ ವಿಶೇಷ! ಸೆಖೆ."

ಸೇವಂತಿ ಹೋದಳು. ವಿಮಾನವೊಂದು ತಲೆಯ ಮೇಲೇ ಎಂಬಂತೆ ಇಳಿಯಿತು. ಯುದ್ಧದ ಸಮಯದಲ್ಲಿ ಬೆಳಕು ಹೊರಗೆ ಬೀಳದಂತೆ ಗವಾಕ್ಷಿಯ ಗಾಜಿಗೆ ಅಂಟಿಸಿದ ಕಪ್ಪು ಕಾಗದ ಇನ್ನೂ ಅಲ್ಲೇ ಇತ್ತು, ಅದು ಪಟಪಟ ನಡುಗಿತು. ಅದನ್ನು ಕಿತ್ತು ಗಾಜು ಒರೆಸಬೇಕೆಂದು ಡಿಸೆಂಬರಿನಿಂದ ಅಂದುಕೊಳ್ಳುತ್ತಿದ್ದಾಳೆ. ಅಷ್ಟು ಎತ್ತರಕ್ಕೆ ಕೈಯೆತ್ತುವ ಜೀವ ಸಂಜೆಗೆ ಉಳಿದಿರುವುದಿಲ್ಲ.

ಉಳಿದ ಹೋಳನ್ನೂ ತುರಿದು ಮುಗಿಸಿದಳು. ಕೈ ತೊಳೆದಳು. ದೇವರ ಹಲಗೆಯಿಂದ ಗೋಪುರದ ಪುಸ್ತಕವನ್ನಿಳಿಸಿ, ಹಳೆಯ ಪೇಪರಿನ ಹಾಳೆಯಿಂದ ಅದಕ್ಕೊಂದು ಹೊದಿಕೆ ಹಾಕಿ, ಮೂಲೆಯಲ್ಲಿದ್ದ ನೆಪೋಲಿಯನ್ನನ ಅಡಿಗೆ ತಳ್ಳಿದಳು. ಆ ಪುಸ್ತಕದಲ್ಲಿ ಎಷ್ಟೊಂದು ರಾಣಿಯರಿದ್ದರು. ಅವರು ಈ ಮೂರು ದಿನ ಎಲ್ಲಿ ಕೂರುತ್ತಿದ್ದರೆಂದು ಒಂದು ಸಾಲೂ ಇರಲಿಲ್ಲ.

ಚಾಪೆ ಬಿಡಿಸಿ ಕುಳಿತು ಕರೆದಳು. "ಅತ್ತೆ, ನಾನು ಹೊರಗೆ."

ಅತ್ತೆ ಬಾಗಿಲಿಗೆ ಬಂದರು. ಕೈಯಲ್ಲಿದ್ದ ಬತ್ತಿಯ ಹತ್ತಿ ಹಾಗೇ ಉಳಿಯಿತು. "ಹೌದಾ?" ಎಂದರು. ಮತ್ತೆ ಹತ್ತಿ ಹೊಸೆಯುತ್ತಾ, "ದಿನ ಮೇಲಾಗಿತ್ತು ನೋಡು, ನಾನು ಎಂತದ್ದೋ ಅಂದುಕೊಂಡಿದ್ದೆ."

ವಾರಿಜಾ ಚಾಪೆಯ ಮುದುಡಿದ ಅಂಚನ್ನು ನೇರ ಮಾಡಿದಳು.

"ಕಾಯಿ ತುರಿದದ್ದು ಮೊದಲಾ, ಆಮೇಲಾ?"

"ಮೊದಲೇ ಆಗಿತ್ತು ಅತ್ತೆ. ಚೆಲ್ಲುದು ಬೇಡ."

"ಸರಿ. ಸೀನನಿಗೆ ಸಾರು ನಾನೇ ಮಾಡ್ತೇನೆ." ಅತ್ತೆ ಮೊಣಕಾಲಿಗೆ ಕೈಯೂರಿ ಬಗ್ಗಿ ಕೊಡ ಎತ್ತಿಕೊಂಡರು. ಗ್ಯಾಲರಿಯ ತುದಿಯ ಮೆಟ್ಟಿಲನ್ನು ಅವರು ಒಂದೊಂದಾಗಿ ಇಳಿಯುವುದು, ನಡುವೆ ನಿಂತು ಉಸಿರು ಬಿಡುವುದು ಚಾಪೆಯವರೆಗೂ ಕೇಳಿಸಿತು. ಅದೇ ಮೆಟ್ಟಿಲು. ಕರೆಯಬೇಕೆಂದು ವಾರಿಜಾ ಬಾಯಿ ತೆರೆದಳು. ಕರೆಯಲಿಲ್ಲ.

ಹೊಟ್ಟೆಯಲ್ಲಿರುವುದರ ಸುದ್ದಿಯನ್ನು ಕೊನೆಯ ಪೇಪರು ಬರೆದು ಬಂದ ದಿನ ಹೇಳುವುದು. ಅಲ್ಲಿಯವರೆಗೆ ಸೀನನಿಗೂ ಇಲ್ಲ. ಹಾಗಾದರೆ ಏಪ್ರಿಲಿನಲ್ಲಿ ಇನ್ನೊಮ್ಮೆ ಹೀಗೆಯೇ ಬಂದು ಕೂರಬೇಕಾಗುತ್ತದೆ. ಕೂರುವುದು, ಎಂದುಕೊಂಡು ಅವಳು ಗೋಡೆಗೊರಗಿ, ಪೇಪರಿನ ಹೊದಿಕೆಯ ಪುಸ್ತಕವನ್ನು ಮೊಣಕಾಲ ಮೇಲೆ ತೆರೆದಳು.